ಒಂದು ಮಾತು ಹೇಳಿಡಿ ಅಣ್ಣಾ



ಈ ಸಲದ ತಪಸ್ಸು ಕಾಲದಲ್ಲಿ ನಮ್ಮ ಯುವಬಳಗ ಒಂದು ಸಿನಿಮಾ ನೋಡಿತು. ಅದರ ಬಗ್ಗೆ ಎರಡು ಪುಟ ಬರೆಯುತ್ತೇವೆ ಎಂದು ಫಾದರ್‌ಗೆ ಮಾತು ಕೊಟ್ಟಿದ್ದೆವು. ಬರೆಯಲು ಕೂತರೆ ಸಿನಿಮಾದ ಕಥೆ ಅರ್ಧ ಪುಟಕ್ಕೇ ಮುಗಿಯಿತು. ಉಳಿದದ್ದೆಲ್ಲ ನಮ್ಮದೇ ಕಥೆ. ಬರೆಯುವುದೋ ಬೇಡವೋ ಎಂದು ಎರಡು ಭಾನುವಾರ ಬಲಿಪೂಜೆಯ ನಂತರ ಕೂತು ಚರ್ಚೆ ಮಾಡಿದೆವು. ಕೊನೆಗೆ ಎಲ್ಲರೂ ಒಪ್ಪಿ ಬರೆಯುತ್ತಿದ್ದೇವೆ. ಅದಕ್ಕೇ ಇದರ ಕೆಳಗೆ ಒಬ್ಬರ ಹೆಸರಿಲ್ಲ.

ಸಿನಿಮಾದ ಹೆಸರು 'ವಿಡುದಲೈ', ಭಾಗ 1. ತಮಿಳಿನ ಈ ಪದಕ್ಕೆ ಬಿಡುಗಡೆ ಎಂದರ್ಥ. ವೆಟ್ರಿಮಾರನ್ ನಿರ್ದೇಶಿಸಿದ ಇದು 2023ರ ಮಾರ್ಚ್ 31ರಂದು ತೆರೆಗೆ ಬಂತು. ವಯಸ್ಕರಿಗೆ ಮಾತ್ರ ಎಂಬ ಸರ್ಟಿಫಿಕೇಟ್ ಇದ್ದದ್ದರಿಂದ 18 ದಾಟಿದವರಷ್ಟೇ ಶನಿವಾರ ಸಂಜೆ ಧರ್ಮಕೇಂದ್ರದ ಹಾಲ್‌ನಲ್ಲಿ ಸೇರಿದೆವು. ಬೆಂಗಳೂರಿನವರಾದ ನಮ್ಮಲ್ಲಿ ಅರ್ಧ ಜನಕ್ಕೆ ತಮಿಳು ಬರುತ್ತದೆ, ಉಳಿದವರು ಸಬ್‌ಟೈಟಲ್ ಓದಿಕೊಂಡರು. ಗಾನವೃಂದದ ಆಂಟಿ ಒಬ್ಬರು ಬಂದರು. ಡ್ಯೂಟಿ ಮುಗಿಸಿಕೊಂಡು ನಮ್ಮ ಕಾನ್‌ಸ್ಟೇಬಲ್ ಅಣ್ಣನೂ ಬಂದರು. ಅವರಿಗೆ ಬೇರೆ ಹೆಸರಿದೆ, ಆದರೆ ಪೊಲೀಸ್ ಕೆಲಸ ಸಿಕ್ಕ ದಿನದಿಂದ ನಮಗೆಲ್ಲ ಅವರು ಕಾನ್‌ಸ್ಟೇಬಲ್ ಅಣ್ಣ.

ಕಥೆ ನಡೆಯುವುದು 1987ರಲ್ಲಿ, ಒಂದು ಬೆಟ್ಟಸೀಮೆಯಲ್ಲಿ. ಅಲ್ಲಿ ಗಣಿ ಬರಬೇಕು. ಅದನ್ನು ವಿರೋಧಿಸುವ ಒಂದು ಪಡೆ ಕಾಡಿನಲ್ಲಿದೆ, ಅದರ ನಾಯಕ ಪೆರುಮಾಳ್ ವಾತ್ತಿಯಾರ್, ಅಂದರೆ ಪೆರುಮಾಳ್ ಮೇಷ್ಟ್ರು. ಆತನನ್ನು ಹಿಡಿಯಲು ಪೊಲೀಸರು ಕಾಡಿನಲ್ಲಿ ಕ್ಯಾಂಪ್ ಹಾಕಿದ್ದಾರೆ. ಆ ಕ್ಯಾಂಪಿಗೆ ಹೊಸದಾಗಿ ಬರುವ ಡ್ರೈವರ್ ಕಾನ್‌ಸ್ಟೇಬಲ್ ಕುಮರೇಶನ್. ಇಷ್ಟು ದಿನ ತೆರೆಯ ಮೇಲೆ ನಮ್ಮನ್ನು ನಗಿಸುತ್ತಿದ್ದ ಸೂರಿ ಈ ಪಾತ್ರ ಮಾಡಿದ್ದಾರೆ. ಗಾಯಗೊಂಡ ಹಳ್ಳಿಯ ಹೆಂಗಸೊಬ್ಬಳನ್ನು ಇಲಾಖೆಯ ಜೀಪಿನಲ್ಲಿ ಆಸ್ಪತ್ರೆಗೆ ಸೇರಿಸಿದ್ದೇ ಅವನ ಮೊದಲ ತಪ್ಪು. ಮೇಲಧಿಕಾರಿ ಕ್ಷಮೆ ಕೇಳು ಎನ್ನುತ್ತಾನೆ. ತಪ್ಪೇ ಮಾಡಿಲ್ಲ, ಯಾಕೆ ಕೇಳಲಿ ಎಂದು ಕುಮರೇಶನ್ ಶಿಕ್ಷೆ ಅನುಭವಿಸುತ್ತಾನೆ. ಅಲ್ಲಿಯವರೆಗೆ ನಾವು ಪಾಪ್‌ಕಾರ್ನ್ ತಿನ್ನುತ್ತಾ ಅವನಿಗೆ ಚಪ್ಪಾಳೆ ಹೊಡೆದೆವು.

ಆಮೇಲೆ ಹಳ್ಳಿಯ ಹೆಂಗಸರನ್ನು ಕ್ಯಾಂಪಿಗೆ ಎಳೆದು ತರುವ ಭಾಗ ಬಂತು. ಯಾವ ರಿಜಿಸ್ಟರಿನಲ್ಲೂ ಅವರ ಹೆಸರಿಲ್ಲ, ವಾರಂಟ್ ಇಲ್ಲ, ಹೊರಗಿನವರಿಗೆ ಸುದ್ದಿ ಇಲ್ಲ. ಪೆರುಮಾಳ್ ಎಲ್ಲಿ ಎಂಬ ಒಂದೇ ಪ್ರಶ್ನೆ. ಉತ್ತರ ಗೊತ್ತಿಲ್ಲದವರನ್ನು ಉತ್ತರಕ್ಕಾಗಿ ಹಿಂಸಿಸುವ ದೃಶ್ಯ ಅದು. ಅಲ್ಲೇನು ನಡೆಯುತ್ತದೆ ಎಂದು ಇಲ್ಲಿ ಬರೆಯುವುದಿಲ್ಲ. ಆ ಹಿಂಸೆ ನಿಲ್ಲಲಿ ಎಂದೇ ಕುಮರೇಶನ್ ತನಗೆ ತಿಳಿದಿರುವುದನ್ನು ಹೇಳಲು ಓಡಾಡುತ್ತಾನೆ. ಆ ಹೊತ್ತಿಗೆ ಕಾನ್‌ಸ್ಟೇಬಲ್ ಅಣ್ಣ ಎದ್ದು ಹೊರಗೆ ಹೋದರು. ಹಾಲ್‌ನ ಬಾಗಿಲು ಸದ್ದಾಯಿತು. ಪೊಲೀಸರನ್ನು ಹೀಗೆ ತೋರಿಸಿದ್ದಾರಲ್ಲ ಎಂದು ಅವರಿಗೆ ಬೇಸರವಾಯಿತೇನೋ ಅಂದುಕೊಂಡೆವು.

ಸಿನಿಮಾ ಮುಗಿದು ಲೈಟ್ ಹಾಕಿದ ಮೇಲೆ ಒಬ್ಬ ತಮ್ಮ ಹೇಳಿದ, "ಸಿನಿಮಾ ಅಂದ್ಮೇಲೆ ಸ್ವಲ್ಪ ಜಾಸ್ತಿನೇ ತೋರಿಸ್ತಾರೆ ಬಿಡಿ."

ಗಾನವೃಂದದ ಆಂಟಿ ಕುರ್ಚಿಯಿಂದ ಏಳಲಿಲ್ಲ. "ಜಾಸ್ತಿ ಅಲ್ಲಪ್ಪ, ಕಮ್ಮಿ. ನಂದು ಸೇಲಂ ಕಡೆ ತವರು. ವಾಚಾತಿ ಅಂತ ಕೇಳಿದೀರಾ?" ಎಂದರು.

ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಹೊಗೇನಕಲ್ ಗೊತ್ತು, ಏರ್ಕಾಡು ಗೊತ್ತು, ಪ್ರತಿವರ್ಷ ಪಿಕ್‌ನಿಕ್‌ಗೆ ಆ ಕಡೆಯೇ ಹೋಗುತ್ತೇವೆ. ವಾಚಾತಿ ಗೊತ್ತಿರಲಿಲ್ಲ. ಆ ರಾತ್ರಿ ಆಂಟಿ ಹೇಳಿದ್ದನ್ನು, ಆಮೇಲೆ ನಾವು ಓದಿ ತಿಳಿದದ್ದನ್ನು ಸೇರಿಸಿ ಇಲ್ಲಿ ಬರೆಯುತ್ತೇವೆ. ಸಿನಿಮಾ ಆ ಊರಿನ ಹೆಸರನ್ನು ಎಲ್ಲೂ ಹೇಳುವುದಿಲ್ಲ, ಅದರ ಕಥೆಯೂ ಬೇರೆ. ಆದರೆ ಆ ಕಡೆಯವರು ಆ ದೃಶ್ಯ ನೋಡಿದರೆ ವಾಚಾತಿ ನೆನಪಾಗದೆ ಇರುವುದಿಲ್ಲ.

ವಾಚಾತಿ ಇರುವುದು ಧರ್ಮಪುರಿ ಜಿಲ್ಲೆಯಲ್ಲಿ, ಹರೂರಿನ ಕಡೆ, ಸಿತ್ತೇರಿ ಬೆಟ್ಟದ ಬುಡದಲ್ಲಿ. ಅಲ್ಲಿಯವರು ಮಲೆಯಾಳಿ ಎಂಬ ಬುಡಕಟ್ಟಿನ ಜನ. ಕೇರಳದವರಲ್ಲ, ಮಲೆಯಲ್ಲಿ ಬಾಳುವವರು ಎಂಬ ಅರ್ಥದ ಹೆಸರು ಅದು. ಆಗ ಆ ಸೀಮೆಯ ಕಾಡುಗಳಲ್ಲಿ ಗಂಧದ ಮರದ ಕಳ್ಳಸಾಗಣೆ ಜೋರಾಗಿತ್ತು. ವೀರಪ್ಪನ್ ಹೆಸರು ಎರಡೂ ರಾಜ್ಯಗಳನ್ನು ನಡುಗಿಸುತ್ತಿತ್ತು. 1992ರ ಜೂನ್ 20ರಂದು ಅರಣ್ಯ ಇಲಾಖೆಯ 155, ಪೊಲೀಸ್ ಇಲಾಖೆಯ 108, ಕಂದಾಯ ಇಲಾಖೆಯ 6, ಒಟ್ಟು 269 ಮಂದಿ ಗಂಧದ ಮರ ಹುಡುಕುತ್ತೇವೆ ಎಂದು ಆ ಊರಿಗೆ ನುಗ್ಗಿದರು. ಗಂಡಸರು ಹೆಚ್ಚಿನವರು ಕಾಡಿಗೆ ಓಡಿದ್ದರು. ಉಳಿದ ಹೆಂಗಸರು, ಮುದುಕರು, ಮಕ್ಕಳನ್ನು ಊರಿನ ಆಲದ ಮರದ ಕೆಳಗೆ ಸೇರಿಸಿ ಹೊಡೆದರು. 18 ಮಂದಿ ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಯಿತು. ಅವರನ್ನು ರಾತ್ರಿ ಹರೂರಿನ ಅರಣ್ಯ ಕಚೇರಿಯಲ್ಲಿ ಇಟ್ಟುಕೊಂಡರು. ಮನೆಗಳನ್ನು ಕೆಡವಿ, ದವಸ ಚೆಲ್ಲಿ, ದನಕರು ಕೊಂದು, ಬಾವಿಗಳನ್ನು ಕೆಡಿಸಿದರು. 90 ಹೆಂಗಸರು, 28 ಮಕ್ಕಳು, 15 ಗಂಡಸರು, ಒಟ್ಟು 133 ಮಂದಿ ಜೈಲು ಸೇರಿದರು. ಹೆಂಗಸರನ್ನು ಹಾಕಿದ್ದು ಸೇಲಂ ಜೈಲಿಗೆ.

ಆಂಟಿ ಆಗ ಸೇಲಂನಲ್ಲಿ ಓದುತ್ತಿದ್ದರಂತೆ. "ನಾವಿದ್ದ ಹಾಸ್ಟೆಲಿಂದ ಜೈಲು ದೂರ ಇರಲಿಲ್ಲ. ಕೆಲವು ವಾರ ಆದ್ಮೇಲೆ ಪೇಪರಲ್ಲಿ ಬಂತು. ಮರ ಕದ್ದೋರು, ತಪ್ಪಿಸ್ಕೊಳ್ಳೋಕೆ ಕಥೆ ಕಟ್ತಾರೆ ಅಂತ ಎಲ್ರೂ ಅಂದ್ರು. ನಾನೂ ಅದನ್ನೇ ಅಂದೆ" ಎಂದರು.

ಸರ್ಕಾರವೂ ಮೊದಲು ಏನೂ ನಡೆದಿಲ್ಲ ಎಂದೇ ಹೇಳಿತು. ಆ ಊರಿನ ಹೆಂಗಸರು ಮಾತ್ರ ಹೇಳಿದ್ದನ್ನೇ ಹೇಳುತ್ತಾ ಹೋದರು. ಬುಡಕಟ್ಟು ಜನರ ಸಂಘ ಮತ್ತು ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷದವರು ಅವರ ಜೊತೆ ನಿಂತರು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ರಾಷ್ಟ್ರೀಯ ಆಯೋಗದ ಅಧಿಕಾರಿ ಬಿ. ಭಾಮತಿ ಅವರು ಊರಿಗೆ ಹೋಗಿ ವಿಚಾರಿಸಿ, ಹೆಂಗಸರ ಮಾತಿನಲ್ಲಿ ಹುರುಳಿದೆ ಎಂದು ವರದಿ ಕೊಟ್ಟರು. 1995ರಲ್ಲಿ ಮದ್ರಾಸ್ ಹೈಕೋರ್ಟ್ ಸಿಬಿಐ ತನಿಖೆಗೆ ಆದೇಶಿಸಿತು. ಕೊನೆಗೆ 2011ರ ಸೆಪ್ಟೆಂಬರ್ 29ರಂದು ಧರ್ಮಪುರಿಯ ನ್ಯಾಯಾಲಯ ತೀರ್ಪು ಕೊಟ್ಟಿತು. 269 ಆರೋಪಿಗಳಲ್ಲಿ 54 ಮಂದಿ ಅಷ್ಟರಲ್ಲಿ ತೀರಿಕೊಂಡಿದ್ದರು. ಉಳಿದ 215 ಮಂದಿಯೂ ತಪ್ಪಿತಸ್ಥರು. ಅವರಲ್ಲಿ 17 ಮಂದಿಯ ಮೇಲೆ ಅತ್ಯಾಚಾರದ ಆರೋಪ ಸಾಬೀತಾಯಿತು.

ಅವರು ಮೇಲ್ಮನವಿ ಹೋದರು. ಹೈಕೋರ್ಟಿನ ನ್ಯಾಯಮೂರ್ತಿ ಪಿ. ವೇಲ್ಮುರುಗನ್ 2023ರ ಮಾರ್ಚ್‌ನಲ್ಲಿ ತಾವೇ ವಾಚಾತಿಗೆ ಹೋಗಿ ನೋಡಿ ಬಂದರು. 2023ರ ಸೆಪ್ಟೆಂಬರ್ 29ರಂದು, ಸರಿಯಾಗಿ 12 ವರ್ಷಕ್ಕೆ, ಶಿಕ್ಷೆಯನ್ನು ಎತ್ತಿಹಿಡಿದರು. 18 ಮಂದಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕು, ಅದರಲ್ಲಿ 5 ಲಕ್ಷವನ್ನು ಅತ್ಯಾಚಾರ ಮಾಡಿದವರಿಂದಲೇ ವಸೂಲಿ ಮಾಡಬೇಕು ಎಂದರು. ಆಗಿನ ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ ಮತ್ತು ಜಿಲ್ಲಾ ಅರಣ್ಯಾಧಿಕಾರಿಯ ಮೇಲೂ ಕ್ರಮ ಜರುಗಿಸಿ ಎಂದು ಸರ್ಕಾರಕ್ಕೆ ಹೇಳಿದರು. ಘಟನೆಗೂ ಈ ತೀರ್ಪಿಗೂ ನಡುವೆ 31 ವರ್ಷ. ನಮ್ಮ ಬಳಗದಲ್ಲಿ ಅಷ್ಟು ವಯಸ್ಸಾದವರು ಕಾನ್‌ಸ್ಟೇಬಲ್ ಅಣ್ಣ ಒಬ್ಬರೇ.

ಇದೆಲ್ಲ ತಮಿಳುನಾಡಿನ ವಿಷಯ ಎಂದು ಕೈತೊಳೆದುಕೊಳ್ಳುವ ಹಾಗೂ ಇರಲಿಲ್ಲ. ನಮ್ಮ ಬಳಗದ ಮೂರು ಮನೆಗಳು ಹನೂರು, ಮಾರ್ಟಳ್ಳಿ ಕಡೆಯಿಂದ ಬಂದವು. ಆ ಮನೆಗಳಲ್ಲಿ ಹಿರಿಯರು ಈಗಲೂ 'ವರ್ಕ್‌ಶಾಪ್' ಎಂಬ ಪದವನ್ನು ಗ್ಯಾರೇಜಿಗೆ ಬಳಸುವುದಿಲ್ಲ. ವೀರಪ್ಪನ್‌ನನ್ನು ಹಿಡಿಯಲು ಕರ್ನಾಟಕ ಮತ್ತು ತಮಿಳುನಾಡು ಸೇರಿ ನಡೆಸಿದ ಕಾರ್ಯಪಡೆ ಮಲೆ ಮಹದೇಶ್ವರ ಬೆಟ್ಟದಲ್ಲಿ ಜನರನ್ನು ಕರೆದೊಯ್ದು ವಿಚಾರಣೆ ಮಾಡುತ್ತಿದ್ದ ಜಾಗಕ್ಕೆ ಆ ಹೆಸರಿತ್ತು. ಅಲ್ಲಿ ಕರೆಂಟ್ ಕೊಡುತ್ತಿದ್ದರು ಎಂಬ ದೂರುಗಳು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಹೋದವು. ಆಯೋಗ 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಅದರ ವರದಿ ಬಂದದ್ದು 2003ರಲ್ಲಿ. 2007ರಲ್ಲಿ ಆಯೋಗ 89 ಮಂದಿಗೆ ಒಟ್ಟು 2.8 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿತು.

ನ್ಯಾಯವಾಗಿ ಇನ್ನೊಂದು ಕಡೆಯನ್ನೂ ಹೇಳಬೇಕು. ವೀರಪ್ಪನ್ ಕೈಯಲ್ಲಿ ಸತ್ತವರೂ ಮನುಷ್ಯರೇ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಗೋಪಿನಾಥಂನಲ್ಲಿ ಜನರ ನಡುವೆಯೇ ಇದ್ದು, ಕುಡಿಯುವ ನೀರು, ಔಷಧಿ ಎಂದು ಓಡಾಡಿ, ಊರಿಗೆ ಮಾರಿಯಮ್ಮನ ಗುಡಿ ಕಟ್ಟಿಸಿಕೊಟ್ಟು, ಜನರ ವಿಶ್ವಾಸದಿಂದಲೇ ಕಳ್ಳಸಾಗಣೆ ನಿಲ್ಲಿಸಲು ನೋಡಿದವರು. 1991ರ ನವೆಂಬರ್ 10ರಂದು ಶರಣಾಗುತ್ತೇನೆಂದು ನಂಬಿಸಿ ಕರೆಸಿಕೊಂಡು ಅವರನ್ನು ಕೊಂದ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿಸಿ 22 ಮಂದಿಯನ್ನು ಕೊಂದ. ಕ್ಯಾಲೆಂಡರ್ ತೆಗೆದು ನೋಡಿದೆವು, ಅವತ್ತು ಶುಭ ಶುಕ್ರವಾರ. ಹೀಗೆ ಸತ್ತವರ ಸ್ನೇಹಿತರೇ ಕಾರ್ಯಪಡೆಯಲ್ಲಿ ಇದ್ದರು. ಅವರ ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೆ ಆ ಸಿಟ್ಟು ಇಳಿದದ್ದು ವೀರಪ್ಪನ್ ಮೇಲಲ್ಲ, ಕೈಗೆ ಸಿಕ್ಕ ಕೂಲಿಯವರ ಮೇಲೆ, ದನ ಮೇಯಿಸುವವರ ಮೇಲೆ. ವೀರಪ್ಪನ್ ಸತ್ತದ್ದು 2004ರ ಅಕ್ಟೋಬರ್ 18ರಂದು.

ನಮ್ಮ ಬೆಂಗಳೂರಿನಲ್ಲೂ ಹೀಗಾಗಿದೆ. ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ 1ರಂದು, ಜಾರ್ಜ್ ಫರ್ನಾಂಡಿಸ್ ಅವರ ತಮ್ಮ ಲಾರೆನ್ಸ್ ಅವರನ್ನು ಪೊಲೀಸರು ಹಿಡಿದೊಯ್ದರು. ಅಣ್ಣ ಎಲ್ಲಿ ಹೇಳು ಎಂದು ಹೊಡೆದ ಹೊಡೆತಕ್ಕೆ ಅವರ ದೇಹ ಜರ್ಜರಿತವಾಯಿತು. ತಾಯಿ ಆಲಿಸ್ ರಾಷ್ಟ್ರಪತಿಗೆ ಪತ್ರ ಬರೆದರು. ಈ ಕಥೆಯನ್ನು ನಮ್ಮ ಹಿರಿಯರು ನಮ್ಮವರಿಗೆ ಆದ ಅನ್ಯಾಯ ಎಂದು ಕಣ್ಣೀರಿಟ್ಟು ಹೇಳುವುದನ್ನು ಕೇಳಿದ್ದೇವೆ. ವಾಚಾತಿಯ ಬಗ್ಗೆ ಯಾರೂ ಹಾಗೆ ಹೇಳಿದ್ದನ್ನು ಕೇಳಿರಲಿಲ್ಲ.

ಇಷ್ಟು ಹೊತ್ತಿಗೆ ಕಾನ್‌ಸ್ಟೇಬಲ್ ಅಣ್ಣ ಒಳಗೆ ಬಂದು ಬಾಗಿಲ ಹತ್ತಿರ ನಿಂತಿದ್ದರು. "ಬೇಜಾರಾಯ್ತಾ ಅಣ್ಣಾ?" ಎಂದು ಕೇಳಿದೆವು.

"ಸಿನಿಮಾಗಲ್ಲ. ಆಂಪ್ಲಿಫೈಯರ್ ನೆನಪಾಯ್ತು" ಎಂದರು.

ಹಾಲ್ ನಿಶ್ಶಬ್ದವಾಯಿತು. ಗೊತ್ತಿಲ್ಲದವರಿಗಾಗಿ ಅದನ್ನು ಹೇಳಬೇಕು.

ಮೂರು ವರ್ಷದ ಹಿಂದೆ ನಮ್ಮ ಧರ್ಮಕೇಂದ್ರದ ಹಬ್ಬದ ಮರುದಿನ ಆಂಪ್ಲಿಫೈಯರ್ ಮತ್ತು ಎರಡು ಕಾರ್ಡ್‌ಲೆಸ್ ಮೈಕ್ ಕಾಣಲಿಲ್ಲ. ವರ್ಷವಿಡೀ ಕ್ಯಾರಲ್ಸ್ ಹಾಡಿ, ಹಳೇ ಪೇಪರ್ ಮಾರಿ ನಾವು ಕೂಡಿಸಿದ ದುಡ್ಡಿನಲ್ಲಿ ತಂದದ್ದು. ಶಾಮಿಯಾನ ಮತ್ತು ಸೀರಿಯಲ್ ಲೈಟ್ ಹಾಕಲು ಬಂದಿದ್ದ ಹುಡುಗರಲ್ಲಿ ಒಬ್ಬ ರಾತ್ರಿ ಹಾಲ್‌ನಲ್ಲೇ ಮಲಗಿದ್ದ. ಧರ್ಮಪುರಿ ಜಿಲ್ಲೆಯ ಪೆನ್ನಾಗರಂ ಕಡೆಯವನು, ಹತ್ತೊಂಬತ್ತು ವಯಸ್ಸಿರಬೇಕು, ಮನೆಮಾತು ಕನ್ನಡ. ಹಬ್ಬದ ಊಟ ನಮ್ಮ ಜೊತೆಯಲ್ಲೇ ಕೂತು ಮಾಡಿದ್ದ. ಅವನದೇ ಕೈವಾಡ ಎಂದು ಹತ್ತು ನಿಮಿಷದಲ್ಲಿ ತೀರ್ಮಾನವಾಯಿತು. ದೂರು ಬರೆದುಕೊಟ್ಟರೆ ಕೋರ್ಟು, ಅಲೆದಾಟ, ಯಾಕೆ ಬೇಕು ಎಂದುಕೊಂಡೆವು. ಕಾನ್‌ಸ್ಟೇಬಲ್ ಅಣ್ಣ ಬೇರೆ ಠಾಣೆಯಲ್ಲಿದ್ದರು. ಅವರಿಗೆ ಫೋನ್ ಮಾಡಿದೆವು. "ನಿಮ್ಮ ಫ್ರೆಂಡ್ ಈ ಠಾಣೆಲಿ ಇದ್ದಾರಲ್ಲ, ಒಂದು ಮಾತು ಹೇಳಿಡಿ ಅಣ್ಣಾ. ನಾಲ್ಕು ಬಿಗಿದ್ರೆ ಬಾಯಿ ಬಿಡ್ತಾನೆ." ಈ ಮಾತು ಹೇಳಿದ್ದು ಯಾರು ಎಂದು ಬರೆಯುವುದಿಲ್ಲ. ಬೇಡ ಎಂದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ಅವತ್ತು ರಾತ್ರಿ ಆ ಹುಡುಗನನ್ನು ಕರೆದುಕೊಂಡು ಹೋದರು. ಎಲ್ಲೂ ಅವನ ಹೆಸರು ಬರೆಯಲಿಲ್ಲ. ಮಾರನೆಯ ದಿನ ಸಂಜೆ ಬಿಟ್ಟರು. ಅವನು ಏನೂ ಒಪ್ಪಿಕೊಳ್ಳಲಿಲ್ಲ ಎಂದು ತಿಳಿದಾಗ "ಭಂಡ ಇರಬೇಕು" ಎಂದುಕೊಂಡೆವು. ಕೆಲಸ ಬಿಟ್ಟು ಊರಿಗೆ ಹೋದ ಎಂದಾಗ "ನೋಡಿದ್ಯಾ, ಓಡಿಹೋದ" ಎಂದೆವು.

ಹನ್ನೊಂದು ದಿನದ ಮೇಲೆ ಆಂಪ್ಲಿಫೈಯರ್ ಸಿಕ್ಕಿತು. ಗೋದಲಿಯ ಬೊಂಬೆಗಳನ್ನು ಇಡುವ ದೊಡ್ಡ ಪೆಟ್ಟಿಗೆಯಲ್ಲಿ, ಮೈಕ್‌ಗಳ ಸಮೇತ, ಬಟ್ಟೆ ಸುತ್ತಿ ಇಟ್ಟಿತ್ತು. ಹಬ್ಬದ ರಾತ್ರಿ ಮಳೆ ಹನಿಯಿತೆಂದು ನಮ್ಮವರೇ ಒಬ್ಬರು ಒಳಗಿಟ್ಟು, ಬೆಳಗಿನ ಜಾವದ ಶಿಫ್ಟ್‌ಗೆ ಹೋಗಿ ಮರೆತಿದ್ದರು. ಸಿಕ್ಕ ಸಂತೋಷಕ್ಕೆ ಅವತ್ತು ಸಮೋಸ ತರಿಸಿ ತಿಂದೆವು. ಆ ಹುಡುಗನಿಗೆ ಯಾರೂ ಹೇಳಲಿಲ್ಲ. ಹೇಗೂ ಬಿಟ್ಟರಲ್ಲ, ಕೇಸೇನೂ ಆಗಲಿಲ್ಲವಲ್ಲ ಎಂದು ಸುಮ್ಮನಾದೆವು.

"ಬೆಳಿಗ್ಗೆ ನಾನು ಅಲ್ಲಿಗೆ ಹೋಗಿದ್ದೆ" ಎಂದರು ಕಾನ್‌ಸ್ಟೇಬಲ್ ಅಣ್ಣ. "ಏನಾಯ್ತು ನೋಡೋಣ ಅಂತ. ಗೋಡೆ ಕಡೆ ಮುಖ ಮಾಡ್ಕೊಂಡು ಕೂತಿದ್ದ. ನನ್ನ ನೋಡಿ ಎದ್ದು ನಿಲ್ಲೋಕೆ ಹೋದ, ಆಗ್ಲಿಲ್ಲ. ಹಬ್ಬದ ದಿನ ನಾನೇ ಅವನಿಗೆ ಬಡಿಸಿದ್ದು. ಅಣ್ಣಾ ಅಂದ. ನಾನು ಗುರುತಿಲ್ಲದ ಹಾಗೆ ಹೊರಗೆ ಬಂದೆ. ಬಾಗಿಲ ಹತ್ರ ನಿಂತು ಟೀ ಕುಡಿದೆ."

ಪ್ರತಿವರ್ಷ ಶುಭ ಶುಕ್ರವಾರ ಯಾತನಾ ಚರಿತ್ರೆಯ ವಾಚನದಲ್ಲಿ ಗುಂಪಿನ ಮಾತುಗಳನ್ನು ಓದುವುದು ನಮ್ಮ ಬಳಗವೇ. ಯೇಸುಸ್ವಾಮಿಯನ್ನು ಹಿಡಿದದ್ದೂ ರಾತ್ರಿಯೇ. ಪ್ರಧಾನಯಾಜಕನ ಮನೆಯಲ್ಲಿ ವಿಚಾರಣೆ ನಡೆಯುವಾಗ ಕಾವಲುಗಾರನೊಬ್ಬ ಅವರ ಕೆನ್ನೆಗೆ ಹೊಡೆಯುತ್ತಾನೆ. ತಪ್ಪಿದ್ದರೆ ತೋರಿಸು, ಇಲ್ಲದಿದ್ದರೆ ಯಾಕೆ ಹೊಡೆದೆ ಎಂಬ ಅರ್ಥದಲ್ಲಿ ಸ್ವಾಮಿ ಕೇಳುತ್ತಾರೆ. ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ. ಅದೇ ಹೊತ್ತಿಗೆ ಅಂಗಳದಲ್ಲಿ ಪೇತ್ರ ಬೆಂಕಿ ಕಾಯಿಸುತ್ತಾ, ಅವನು ಯಾರೋ ಗೊತ್ತಿಲ್ಲ ಎನ್ನುತ್ತಿದ್ದಾನೆ. ಅಣ್ಣ ಟೀ ಕುಡಿದ ಮಾತು ಹೇಳಿದಾಗ ನಮ್ಮೆಲ್ಲರಿಗೂ ನೆನಪಾದದ್ದು ಆ ಬೆಂಕಿ. ಆದರೆ ಅಣ್ಣನನ್ನು ಮಾತ್ರ ಪೇತ್ರನ ಜಾಗದಲ್ಲಿ ನಿಲ್ಲಿಸುವ ಹಾಗಿರಲಿಲ್ಲ. ಫೋನ್ ಮಾಡಿದವರು ನಾವು.

ಫಾದರ್ ಹತ್ತಿರ ಹೋಗಿ ಎಲ್ಲ ಹೇಳಿದೆವು. ಅವರಿಗೆ ಈ ವಿಷಯ ಗೊತ್ತೇ ಇರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, "ಪಾಪನಿವೇದನೆಗೆ ನನ್ನ ಹತ್ತಿರ ಬರೋದು ಆಮೇಲೆ. ಮೊದಲು ಆ ಹುಡುಗನ ಮನೆಗೆ ಹೋಗಿ" ಎಂದರು. ಸ್ವಲ್ಪ ದುಡ್ಡು ಸೇರಿಸಿಕೊಂಡು ಹೋಗೋಣವಾ ಎಂದು ಕೇಳಿದೆವು. "ಬರಿಗೈಲಿ ಹೋಗಿ. ದುಡ್ಡು ಕೊಟ್ಟರೆ ನಿಮಗೆ ಸಮಾಧಾನ ಆಗುತ್ತೆ, ಅವನಿಗಲ್ಲ" ಎಂದರು.

ಗರಿಗಳ ಭಾನುವಾರದ ಹಿಂದಿನ ಶನಿವಾರ ಆರು ಜನ ಹೊರಟೆವು. ವಿಳಾಸ ಕೊಟ್ಟದ್ದು ಶಾಮಿಯಾನದ ಮಾಲೀಕರು. ಹೊಸೂರು, ರಾಯಕೋಟೆ, ಪಾಲಕ್ಕೋಡು, ಪಾಪಾರಪಟ್ಟಿ, ಪೆನ್ನಾಗರಂ. ಹೊಗೇನಕಲ್ ಪಿಕ್‌ನಿಕ್‌ಗೆ ಹಾಡು ಹಾಕಿಕೊಂಡು ಹೋಗುತ್ತಿದ್ದ ಅದೇ ದಾರಿ. ಮಾವಿನ ತೋಪುಗಳು, ಹುಣಸೆ ಮರಗಳು, ರಸ್ತೆ ಬದಿಯಲ್ಲಿ ಹುಣಸೆಹಣ್ಣು ಕುಟ್ಟುತ್ತಾ ಕೂತ ಹೆಂಗಸರು. ಪಾಪಾರಪಟ್ಟಿಯ ಹತ್ತಿರವೇ ವೀರಪ್ಪನ್ ಕಥೆ ಮುಗಿದದ್ದು ಎಂದು ಒಬ್ಬ ತಮ್ಮ ಹೇಳಿದ. ಯಾರೂ ಮಾತು ಮುಂದುವರಿಸಲಿಲ್ಲ.

ಊರಿನ ಅಂಚಿನಲ್ಲಿ ಶೀಟಿನ ಮನೆ. ತಾಯಿ ಅಂಗಳದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದರು. ತಮಿಳು ಬೆರೆತ ಕನ್ನಡದಲ್ಲಿ "ಬನ್ನಿ, ಬನ್ನಿ" ಎಂದು ಚಾಪೆ ಹಾಕಲು ಎದ್ದರು. ಆಮೇಲೆ ಕಾನ್‌ಸ್ಟೇಬಲ್ ಅಣ್ಣನನ್ನು ನೋಡಿದರು. ಅಣ್ಣ ಟೀಶರ್ಟ್ ಹಾಕಿದ್ದರು, ಆದರೆ ಕ್ರಾಪು ಪೊಲೀಸಿನದು. ಅಮ್ಮ ಚಾಪೆ ಹಿಡಿದುಕೊಂಡೇ ಒಂದು ಹೆಜ್ಜೆ ಹಿಂದೆ ಸರಿದರು. "ಟೇಸನ್‌ನೋರಾ ಸಾಮಿ? ಅವ್ನು ಇಲ್ಲಿಲ್ಲ. ಏನೂ ಮಾಡಿಲ್ಲ ಅವ್ನು."

ಅಣ್ಣ ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟರು. "ಗೊತ್ತಮ್ಮ. ಅವನೇನೂ ಮಾಡಿಲ್ಲ ಅಂತ ಹೇಳೋಕೇ ಬಂದಿದೀವಿ" ಎಂದರು.

ಎಲ್ಲವನ್ನೂ ಹೇಳಿದೆವು. ನಡುನಡುವೆ ನಮ್ಮಲ್ಲಿ ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು ಮುಂದುವರಿಸಿದೆವು. ಅಮ್ಮ ಕಡಲೆಕಾಯಿ ಬಿಡಿಸುತ್ತಲೇ ಕೇಳಿದರು. ಮಗ ಬೆಂಗಳೂರಿನಿಂದ ಬಂದು ಎಂಟು ದಿನ ಮಲಗಿದ್ದನಂತೆ, ಕಂಬದಿಂದ ಬಿದ್ದೆ ಎಂದು ಹೇಳಿದ್ದನಂತೆ. "ಬಿದ್ದೋನಿಗೆ ಅಂಗಾಲಲ್ಲಿ ಪೆಟ್ಟಾಗತ್ತಾ? ನಂಗೆ ಗೊತ್ತಾಯ್ತು, ಕೇಳ್ಲಿಲ್ಲ" ಎಂದರು. ಆಮೇಲೆ ನಮಗೆ ಟೀ ಮಾಡಿಕೊಟ್ಟರು.

ಹುಡುಗ ಈಗ ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಯಲ್ಲಿ ಕೆಲಸ ಮಾಡುತ್ತಾನೆ. ಅಮ್ಮ ಫೋನ್ ಹಚ್ಚಿ, ಸ್ಪೀಕರ್ ಒತ್ತಿ, ನಮ್ಮ ಕೈಗೆ ಕೊಟ್ಟರು. ಹಿಂದೆ ಮೆಷಿನ್ ಸದ್ದು ಕೇಳುತ್ತಿತ್ತು. ನಾವು ಯಾರು ಎಂದು ಹೇಳಿದೆವು. ಆಂಪ್ಲಿಫೈಯರ್ ನಮ್ಮ ಪೆಟ್ಟಿಗೆಯಲ್ಲೇ ಇತ್ತು, ತಪ್ಪು ನಮ್ಮದು, ಕ್ಷಮಿಸು ಎಂದೆವು.

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ, "ಯಾವಾಗ ಸಿಕ್ತು?"

"ಆಗಲೇ. ಹನ್ನೊಂದು ದಿನಕ್ಕೆ."

"ಅವತ್ತೇ ಒಂದು ಫೋನ್ ಮಾಡಬಹುದಿತ್ತಲ್ಲ ಅಣ್ಣಾ" ಎಂದ. ಸೂಪರ್‌ವೈಸರ್ ಕರೆಯುತ್ತಿದ್ದಾರೆ ಎಂದು ಫೋನ್ ಇಟ್ಟ.

ಹೊರಡುವಾಗ ಅಮ್ಮ ಒಂದು ಚೀಲದಲ್ಲಿ ಹುಣಸೆಹಣ್ಣು ಹಾಕಿ ಕೊಟ್ಟರು. ಬೇಡ ಎಂದು ಹೇಳುವ ಧೈರ್ಯ ನಮಗಾಗಲಿಲ್ಲ.

ಮಿತ್ರರೇ, ಆ ಕ್ಯಾಂಪ್ ಕಾಡಿನಲ್ಲಿ ಇರುತ್ತದೆ, ಸಿನಿಮಾದಲ್ಲಿ ಇರುತ್ತದೆ ಎಂದುಕೊಂಡಿದ್ದೆವು. ನಮ್ಮಂಥವರು, ಭಾನುವಾರ ತಪ್ಪದೆ ಬಲಿಪೂಜೆಗೆ ಬರುವವರು, ಕಳೆದುಹೋದದ್ದು ಬೇಗ ಸಿಗಲಿ ಎಂದು ಆಸೆಪಟ್ಟು ಮಾಡುವ ಒಂದು ಫೋನಿನಿಂದಲೂ ಅದು ಶುರುವಾಗುತ್ತದೆ. ಹೊಡೆದವರು ಯಾರೋ ಇರಬಹುದು, ಹೊಡೆಯಿರಿ ಎಂದು ಕೇಳಿದ್ದು ನಾವು. ಅಷ್ಟು ಮಾಡಿಯೂ ನಿಜ ಸಿಗಲಿಲ್ಲ. ಅದು ನಮ್ಮ ಗೋದಲಿಯ ಪೆಟ್ಟಿಗೆಯಲ್ಲೇ ಇತ್ತು. ವಾಚಾತಿಯಲ್ಲಿ ನಿಜ ಹೊರಬಂದದ್ದು ಆಲದ ಮರದ ಕೆಳಗೆ ಬಿದ್ದ ಲಾಠಿ ಏಟಿನಿಂದಲ್ಲ. ಏಟು ತಿಂದ ಹೆಂಗಸರು ವರ್ಷಗಟ್ಟಲೆ ಕೋರ್ಟಿಗೆ ನಡೆದು ಹೇಳಿದ ಮಾತಿನಿಂದ.

ಈಸ್ಟರ್ ಆದ ಮೇಲಿನ ಮೊದಲ ಸಭೆಯಲ್ಲಿ ಕಾನ್‌ಸ್ಟೇಬಲ್ ಅಣ್ಣನೇ ಕಾನೂನಿನ ಪಾಠ ಮಾಡಿದರು. ನಿಮಗೂ ಉಪಯೋಗವಾಗಲಿ ಎಂದು ಬರೆಯುತ್ತೇವೆ. ಸಂವಿಧಾನದ 22ನೇ ವಿಧಿಯ ಪ್ರಕಾರ ಯಾರನ್ನೇ ಬಂಧಿಸಿದರೂ, ದಾರಿಯ ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಕೀಲರನ್ನು ಕಾಣುವುದು ಬಂಧಿತರ ಹಕ್ಕು. ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದಂತೆ ಬಂಧನದ ಪತ್ರ ಬರೆದು ಸಾಕ್ಷಿಯ ಸಹಿ ಹಾಕಿಸಬೇಕು, ಮನೆಯವರಿಗೆ ತಿಳಿಸಬೇಕು, ವೈದ್ಯರಿಂದ ತಪಾಸಣೆ ಮಾಡಿಸಬೇಕು. ಪೊಲೀಸರ ಮುಂದೆ ಒಪ್ಪಿಕೊಂಡೆ ಎಂಬುದು ಸಾಮಾನ್ಯವಾಗಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಹಿಂದೆ ಟಾಡಾ ಕಾಯ್ದೆ ಇದ್ದಾಗ ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗುತ್ತಿತ್ತು, ಆ ಕಾಯ್ದೆ 1995ರಲ್ಲಿ ಕೊನೆಯಾಯಿತು. ಠಾಣೆಗಳಲ್ಲಿ ಸಿಸಿಟಿವಿ ಇರಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಆದೇಶಿಸಿದೆ. "ಕ್ಯಾಮೆರಾ ಇರಲಿ, ಬಿಡಲಿ, ನೋಡ್ತಾ ನಿಂತಿರೋ ಮನುಷ್ಯ ಇರ್ತಾನಲ್ಲ, ಅವನು ಬಾಯಿ ಬಿಡಬೇಕು" ಎಂದರು ಅಣ್ಣ.

ಬಳಗದ ಪುಸ್ತಕದಲ್ಲಿ ಒಂದು ನಿರ್ಣಯ ಬರೆದಿದ್ದೇವೆ. ಇನ್ನು ಮುಂದೆ ಏನೇ ಕಳೆದುಹೋದರೂ ಮೊದಲು ನಮ್ಮ ಪೆಟ್ಟಿಗೆಗಳನ್ನು ಹುಡುಕುವುದು. ಸಿಗದಿದ್ದರೆ ಬರವಣಿಗೆಯಲ್ಲಿ ದೂರು ಕೊಟ್ಟು ರಸೀದಿ ಪಡೆಯುವುದು. ಯಾರಿಗೂ 'ಒಂದು ಮಾತು ಹೇಳಿಡಿ' ಎಂದು ಫೋನ್ ಮಾಡುವುದಿಲ್ಲ. ಅದರ ಕೆಳಗೆ ಎಲ್ಲರೂ ಸಹಿ ಹಾಕಿದ್ದೇವೆ, ಕಾನ್‌ಸ್ಟೇಬಲ್ ಅಣ್ಣನ ಸಹಿ ಮೊದಲನೆಯದು.

ಆ ಹುಡುಗ ಮತ್ತೆ ಫೋನ್ ಮಾಡಿಲ್ಲ. ಮಾಡಲೇಬೇಕೆಂದು ನಾವು ಕೇಳುವ ಹಾಗಿಲ್ಲ. ನಮ್ಮ ನಂಬರ್ ಅವನ ತಾಯಿಯ ಹತ್ತಿರ ಬರೆದುಕೊಟ್ಟು ಬಂದಿದ್ದೇವೆ.